ಪ್ರಾಂಪ್ಟ್ ಮಾಡಬೇಡಿ

ಮಕ್ಕಳ ಕಲ್ಯಾಣ ಕಚೇರಿಯ ಕೌಂಟರಿನಲ್ಲಿದ್ದ ಗುಮಾಸ್ತ ಫಾರಂ ಅನ್ನು ಎರಡು ಸಲ ಓದಿದ. ಕಿವಿಯ ಮೇಲಿದ್ದ ಪೆನ್ನು ತೆಗೆದು 'ಉದ್ಯೋಗ' ಎಂಬ ಗೆರೆಯ ಮೇಲೆ ಊರಿದ.

"ಇದೇನಮ್ಮ ಇದು, ಪ್ರಾಂಪ್ಟರ್?"

"ನನ್ನ ಕೆಲಸ."

"ಪ್ರಾಂಪ್ಟ್ ಅಂದ್ರೆ ಹೇಳಿದ ಟೈಮಿಗೆ ಸರಿಯಾಗಿ ಬರೋದು. ನಮ್ಮ ಹಳೇ ಸಾಹೇಬರಿದ್ರು, ಬಹಳ ಪ್ರಾಂಪ್ಟು. ಅದು ಗುಣ ಆಯ್ತು. ನಾನು ಕೇಳ್ತಿರೋದು ಕೆಲಸ ಏನು ಅಂತ."

"ನಾಟಕದಲ್ಲಿ ಮಾತು ಮರೆತವರಿಗೆ ಮರೆಯಲ್ಲಿ ಕೂತು ಹೇಳಿಕೊಡೋದು. ಅದಕ್ಕೂ ಪ್ರಾಂಪ್ಟ್ ಅಂತಲೇ ಅಂತಾರೆ."

"ಕಾಪಿ ಹೊಡೆಸೋದು ಅನ್ನಿ ಮತ್ತೆ" ಎಂದು ಗುಮಾಸ್ತ ತನ್ನ ಮಾತಿಗೆ ತಾನೇ ನಕ್ಕು, ಆ ಗೆರೆಯಲ್ಲಿ 'ನಾಟಕ' ಎಂದಷ್ಟೇ ಬರೆದು ಠಸ್ಸೆ ಒತ್ತಿದ.

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು, ಮೇಲೊಂದು ಮಾತೂ ಸೇರಿಸುತ್ತಿದ್ದಳು. ಅವತ್ತು ಕೈಯಲ್ಲಿದ್ದ ಕಾಗದದಲ್ಲಿ ವಿಚಾರಣೆಯ ತಾರೀಖು ಇತ್ತು. ಇನ್ನು ಆರು ವಾರ. ಆರು ವಾರದಲ್ಲಿ ಗಂಡನ ಬಾಯಿಗೆ ಮೂರು ವಾಕ್ಯ ಬರಬೇಕು. ಬಾರದಿದ್ದರೆ ಮೊಮ್ಮಗಳು ಕೈಬಿಟ್ಟು ಹೋಗುತ್ತಾಳೆ.

ತಂಡದಲ್ಲಿ ಡೈರೆಕ್ಟರಿಂದ ಹಿಡಿದು ಲೈಟಿನವನವರೆಗೆ ಎಲ್ಲರೂ ಅವಳನ್ನು ಪ್ರಾಂಪ್ಟಕ್ಕ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ನಿಜವಾದ ಹೆಸರು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಕೂತೇ ಇರುತ್ತಿದ್ದಳು. ಮೂವತ್ತೈದು ವರ್ಷದಿಂದ ಅದೇ ಸೈಡ್‌ವಿಂಗ್, ಅದೇ ಮೂರು ಕಾಲಿನ ಸ್ಟೂಲು, ಮಡಿಲಲ್ಲಿ ಮಾತಿನ ಪುಸ್ತಕ, ಕೈಯಲ್ಲಿ ಕಿರುಬೆರಳುದ್ದದ ಟಾರ್ಚು. ಯಾರ ಮೌನ ಬೇಕೆಂದೇ ಹಿಡಿದ ಮೌನ, ಯಾರದು ದಾರಿ ತಪ್ಪಿದ ಮೌನ ಎಂದು ಅವರ ಹೆಗಲು ನೋಡಿಯೇ ಹೇಳಬಲ್ಲಳು. ಮನಸ್ಸಿನಲ್ಲಿ ಮೂರು ಎಣಿಸುವಳು. ಮೂರಕ್ಕೆ ಮಾತು ಹುಟ್ಟದಿದ್ದರೆ ಮೊದಲ ಎರಡಕ್ಷರ ಕೊಡುವಳು. ಅದಕ್ಕಿಂತ ಹೆಚ್ಚು ಕೊಟ್ಟರೆ ನಟ ಬೆದರುತ್ತಾನೆ. ಅವಳ ದನಿ ಮೊದಲ ಸಾಲಿನ ಕುರ್ಚಿಗೂ ಒಮ್ಮೆಯೂ ಕೇಳಿಸಿದ್ದಿಲ್ಲ.

ಗಂಡನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ನಾಟಕ ಯಾವುದೇ ಇರಲಿ, ಅದರಲ್ಲೊಬ್ಬ ರಾಜನಿದ್ದರೆ ಅವನೇ. ಮದುವೆಗೆ ಮುಂಚೆ ಬೇಕೆಂದೇ ಮಾತು ಮರೆಯುತ್ತಿದ್ದೆ, ಇವಳ ಪಿಸುದನಿ ಕೇಳೋದಕ್ಕೆ ಎಂದು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದ. "ಸುಳ್ಳು. ನಿಜವಾಗಲೂ ಮರೀತಿದ್ರು" ಎಂದು ಅವಳು ಅಲ್ಲಲ್ಲೇ ಮಾನ ತೆಗೆಯುತ್ತಿದ್ದಳು.

ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಗ್ಗೆ ಗಡ್ಡ ಹೆರೆಯುತ್ತಿದ್ದವನ ಕೈಯಿಂದ ರೇಜರ್ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಕಾಲು ಸುಧಾರಿಸಿತು, ಬಲಗೈ ಅರ್ಧ ವಾಪಸ್ಸು ಬಂತು, ಮಾತು ಮಾತ್ರ ಬರಲಿಲ್ಲ. ಬೇರೆಯವರು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಹೇಳಬೇಕಾದ್ದೂ ಗೊತ್ತಿರುತ್ತಿತ್ತು. ಬಾಯಿ ತೆರೆದರೆ ಬರುತ್ತಿದ್ದದ್ದು ಒಂದೇ: "ಅದು." ನೀರೂ ಅದು, ಚಪ್ಪಲಿಯೂ ಅದು, ಹೆಂಡತಿಯೂ ಅದು. ವಿಚಿತ್ರವೆಂದರೆ, ಹಳೇ ನಾಟಕದ ಸಾಲೊಂದರ ಮೊದಲ ಪದ ಕೊಟ್ಟರೆ ಇಡೀ ಸಾಲು ಗಡಗಡನೆ ಬರುತ್ತಿತ್ತು. ಅವಳು "ಈ ಸಿಂ..." ಎಂದರೆ ಸಾಕು, "ಈ ಸಿಂಹಾಸನ ಬೇಕೆಂದವನು ಮೊದಲು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಲಿ" ಎಂದು ಗೋಡೆ ನಡುಗುವಂತೆ ಹೇಳಿ, ಮರುಕ್ಷಣವೇ ಲೋಟ ತೋರಿಸಿ "ಅದು, ಅದು" ಎಂದು ಬೆವರುತ್ತಿದ್ದ.

ಮನೆಯಲ್ಲಿ ಮೂರನೆಯವಳು ಚಿಕ್ಕಿ. ಏಳು ವರ್ಷದ ಮೊಮ್ಮಗಳು. ಮಗಳು ತೀರಿಕೊಂಡಾಗ ಮಗುವಿಗೆ ನಾಲ್ಕು. ಅಳಿಯ ಲಿಫ್ಟ್ ರಿಪೇರಿಯವನು, ಯಾವ ಹೊತ್ತಿನಲ್ಲಿ ಕರೆ ಬಂದರೂ ಓಡಬೇಕು. ಅವನೇ ಮಗುವನ್ನು ತಂದುಬಿಟ್ಟು, "ಅತ್ತೆ, ನನ್ನ ಕೈಲಾಗ್ತಿಲ್ಲ" ಎಂದು ಬಾಗಿಲಲ್ಲೇ ಅತ್ತಿದ್ದ. ಈಗ ಬೇರೆ ಊರಿನಲ್ಲಿ ಹಗಲು ಕೆಲಸ ಸಿಕ್ಕಿದೆ, ಮತ್ತೆ ಮದುವೆಯಾಗಿದೆ. ಆದರೂ ಮಗುವನ್ನು ಕೊಡಿ ಎಂದು ಅವನು ಕೇಳಿರಲಿಲ್ಲ. ಕೇಳುವಂತೆ ಮಾಡಿದ್ದು ಒಂದು ಸಂಜೆ.

ಅವತ್ತು ಪ್ರಾಂಪ್ಟಕ್ಕ ಪ್ರದರ್ಶನದಲ್ಲಿದ್ದಳು. ಫೋನು ಆಫ್ ಆಗಿತ್ತು. ಚಿಕ್ಕಿ ಕಪಾಟಿನ ಮೇಲಿನ ಬಣ್ಣದ ಪೆನ್ಸಿಲಿಗೆ ಕುರ್ಚಿ ಹತ್ತಿದವಳು ಜಾರಿ, ಅಡುಗೆಕಟ್ಟೆಯ ಅಂಚಿಗೆ ತಲೆ ಹೊಡೆದುಕೊಂಡಳು. ದೊರೆ ಟವೆಲು ಒತ್ತಿ ಹಿಡಿದ. ಎಡಗೈಯಲ್ಲಿ ಆಂಬುಲೆನ್ಸಿನ ನಂಬರ್ ಒತ್ತಿದ. ಅಷ್ಟೆಲ್ಲ ಸರಿಯಾಗಿಯೇ ಮಾಡಿದ. ಆಮೇಲೆ "ಅದು... ಅದು... ಅದು..." ಎಂದ. ಆ ಕಡೆಯವರು ಯಾರೋ ಕುಡಿದವನೆಂದು ಫೋನಿಟ್ಟರು. ಮತ್ತೆ ಮಾಡಿದ, ಮತ್ತೆ ಇಟ್ಟರು. ಮೂರನೇ ಸಲಕ್ಕೆ ರೆಪ್ಪೆ ಮೇಲೆ ರಕ್ತ ಇಳಿಯುತ್ತಿದ್ದ ಮಗುವೇ ಫೋನು ಕಿತ್ತುಕೊಂಡು ವಿಳಾಸ ಹೇಳಿತು. ಏಳು ಹೊಲಿಗೆ. ಆಸ್ಪತ್ರೆಯವರು ಕೇಳಿದಾಗ ನಡೆದದ್ದನ್ನು ಹಾಗೆಯೇ ಹೇಳಿತು. ಅಪ್ಪನಿಗೆ ತಿಳಿಸುವುದು ಅವರ ಕರ್ತವ್ಯ, ತಿಳಿಸಿದರು.

ಅಳಿಯ ಬಂದವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಅವಳೂ ತಿರುಗಿ ಕೂಗಬಹುದಿತ್ತು.

"ನಿಮ್ಮ ಮೇಲೆ ದ್ವೇಷ ಇಲ್ಲ ಅತ್ತೆ. ನೀವು ಇಲ್ಲದಿದ್ರೆ ಮಗು ಉಳೀತಿರಲಿಲ್ಲ. ಆದ್ರೆ ನೀವು ಸಂಜೆ ಥಿಯೇಟರಿಗೆ ಹೋದ್ಮೇಲೆ ಮನೇಲಿ ಯಾರು ಯಾರನ್ನ ನೋಡಿಕೊಳ್ತಾರೆ, ಹೇಳಿ."

ಕೊನೆಗೆ ಇಬ್ಬರೂ ಒಪ್ಪಿ ವಿಷಯ ಮಕ್ಕಳ ಕಚೇರಿಗೆ ಹೋಯಿತು. ಮಗುವಿನ ತಾತ ತುರ್ತು ಬಂದರೆ ಒಬ್ಬರೇ ಫೋನಿನಲ್ಲಿ ಸಹಾಯ ಕೇಳಬಲ್ಲರೇ ಎಂಬುದನ್ನು ಅಧಿಕಾರಿ ಸ್ವತಃ ನೋಡುತ್ತಾರೆ ಎಂದು ಕಾಗದದಲ್ಲಿತ್ತು.

ಅವಳು ಆ ಮೂರು ವಾಕ್ಯವನ್ನು ಬರೆದು ಗೋಡೆಗೆ ಅಂಟಿಸಿದಳು. ಸಹಾಯ ಬೇಕು. ಮಗುವಿಗೆ ಪೆಟ್ಟಾಗಿದೆ. ಗಡಿಯಾರದ ಅಂಗಡಿ ಮೇಲೆ, ಮೂರನೇ ಮಹಡಿ. ಆಮೇಲೆ, ಜೀವಮಾನವಿಡೀ ಬೇರೆಯವರ ರಿಹರ್ಸಲ್ ನೋಡಿದವಳು ಮನೆಯಲ್ಲೇ ರಿಹರ್ಸಲ್ ಶುರುಮಾಡಿದಳು. ಬೆಳಗ್ಗೆ ಎದ್ದಕೂಡಲೇ ಒಂದು ಗಂಟೆ, ಮಧ್ಯಾಹ್ನ ಎರಡು ಗಂಟೆ. ಕೈಗೆ ಫೋನು ಕೊಡುವಳು. ಅವನು "ಸ... ಸ..." ಎನ್ನುವನು. ಒಂದು, ಎರಡು, ಮೂರು. "ಸಹಾ" ಎನ್ನುವಳು. "ಸಹಾಯ ಬೇಕು!" ಎನ್ನುವನು. "ಮಗು" ಎನ್ನುವಳು. "ಮಗುವಿಗೆ ಪೆಟ್ಟಾಗಿದೆ!" ಹತ್ತು ದಿನದಲ್ಲಿ ಮೂರೂ ವಾಕ್ಯ ನಿಂತವು. ಅವಳು ಖುಷಿಯಿಂದ ಅವನನ್ನು ಮಾತು ಕಲಿಸುವ ಮೇಡಂ ಬಳಿ ಕರೆದುಕೊಂಡು ಹೋದಳು.

ಮೇಡಂ ಇನ್ನೂ ಚಿಕ್ಕ ವಯಸ್ಸಿನವಳು, ಮೇಜಿನ ಮೇಲೆ ಚಿತ್ರದ ಕಾರ್ಡುಗಳನ್ನು ಹರಡಿಕೊಂಡಿದ್ದಳು. ಪೂರ್ತಿ ಕೇಳಿ, "ಈಗ ನೀವು ಆಚೆ ಗೋಡೆ ಹತ್ತಿರ ಹೋಗಿ ನಿಲ್ಲಿ ಅಕ್ಕ" ಎಂದಳು. ಅವಳು ನಿಂತಳು. ಫೋನು ಹಿಡಿದ ದೊರೆಯ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಹೆಂಡತಿಯ ಮುಖ ಹುಡುಕುತ್ತ ಕುರ್ಚಿಯಲ್ಲೇ ತಿರುಗಿದ.

"ನೋಡಿದ್ರಾ? ನಾವೂ ಪ್ರಾಂಪ್ಟ್ ಕೊಡ್ತೀವಿ, ನಮ್ಮಲ್ಲೂ ಅದೇ ಪದ. ಆದ್ರೆ ನಾವು ಕೊಡೋದು ಕಮ್ಮಿ ಮಾಡ್ತಾ ಬರೋದಕ್ಕೆ. ನೀವು ಮೂರಕ್ಕೇ ಕೊಟ್ಟುಬಿಡ್ತೀರಿ. ಅವರಿಗೆ ಮೂವತ್ತು ಬೇಕಾಗಬಹುದು, ಅರವತ್ತು ಬೇಕಾಗಬಹುದು. ಕಾಯಿರಿ. ಬಾಯಿ ಮುಚ್ಚಿಕೊಂಡು ಕಾಯಿರಿ ಅಂತ ಒರಟಾಗಿ ಹೇಳ್ತಿದೀನಿ, ಬೇಜಾರು ಮಾಡಿಕೋಬೇಡಿ."

"ಮೂರಾದ್ಮೇಲೆ ಕಾದರೆ ನಾಟಕ ಬಿದ್ದುಹೋಗುತ್ತೆ ಮೇಡಂ."

"ಬೀಳಲಿ ಬಿಡಿ."

ಬೀಳಲಿ ಬಿಡಿ. ಹೇಳುವವರಿಗೇನು. ಮನೆಗೆ ಬಂದು ಪ್ರಯತ್ನಪಟ್ಟಳು. ಸೆರಗು ಬಾಯಿಗೆ ತುರುಕಿಕೊಂಡು ಕೂತಳು. ಅವನ ಹಣೆಯಲ್ಲಿ ನರ ಉಬ್ಬುವುದು, ಎಡಗೈ ತೊಡೆಯನ್ನು ಬಡಿಯುವುದು, ಕಣ್ಣು ಅವಳ ತುಟಿಗೆ ಅಂಟಿಕೊಳ್ಳುವುದು. ಇಪ್ಪತ್ತಕ್ಕೆ ತಾನೇ ಹೇಳಿಬಿಡುವಳು, ಹೇಳಿ ತಲೆ ಚಚ್ಚಿಕೊಳ್ಳುವಳು. ಒಂದು ದಿನ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತಳು. ಹೊರಗೆ "ಸ... ಸ... ಸ..." ನಲ್ಲಿಯಲ್ಲಿ ಗಾಳಿ ಬಂದ ಹಾಗೆ. ಆಮೇಲೆ ಫೋನು ನೆಲಕ್ಕೆ ಬಡಿದ ಸದ್ದು. ಬಂದು ನೋಡಿದರೆ ಅವನು ಮುಖ ಗೋಡೆಗೆ ಹಾಕಿ ಮಲಗಿದ್ದ. ಅವತ್ತಿಡೀ ಏಳಲಿಲ್ಲ.

ಚಿಕ್ಕಿ ಒಡೆದ ಫೋನಿನ ಗಾಜು ಸವರುತ್ತ, "ಅಜ್ಜಿ, ನೀನು ಇಲ್ಲದಾಗ ತಾತ ಚೆನ್ನಾಗೇ ಮಾತಾಡ್ತಾನೆ" ಎಂದಳು. ಮಗುವಿನ ಸಮಾಧಾನದ ಮಾತೆಂದು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ವಿಚಾರಣೆಯ ದಿನ ದೊರೆಗೆ ಇಸ್ತ್ರಿ ಅಂಗಿ ತೊಡಿಸಿದಳು. ಕಚೇರಿಯ ಕೋಣೆ ಚಿಕ್ಕದು. ಒಂದು ಮೇಜು, ಗೋಡೆಗೆ ಒರಗಿಸಿದ ಕಡತಗಳ ರಾಶಿ, ಗರಗರ ಎನ್ನುವ ಫ್ಯಾನು. ಅಧಿಕಾರಿ ನಡುವಯಸ್ಸಿನ ಹೆಂಗಸು, ನೆಗಡಿಯಾಗಿ ಮೂಗೊರೆಸಿಕೊಳ್ಳುತ್ತಿದ್ದಳು. ಒಂದು ಕಡೆ ಅಳಿಯ ಕೂತಿದ್ದ. ಚಿಕ್ಕಿಯೊಂದಿಗೆ ಮೊದಲೇ ಪಕ್ಕದ ಕೋಣೆಯಲ್ಲಿ ಮಾತಾಡಿ ಮುಗಿದಿತ್ತು. ಅವಳು ಅಲ್ಲೇ ಚಿತ್ರ ಬರೆಯುತ್ತಿದ್ದಳು.

ಅಧಿಕಾರಿ ಮೇಜಿನ ಫೋನನ್ನು ದೊರೆಯ ಮುಂದೆ ಸರಿಸಿದಳು. "ಅವಸರ ಇಲ್ಲ ಯಜಮಾನರೇ. ಮನೇಲಿ ನೀವು, ಮಗು ಇಬ್ಬರೇ. ಮಗುವಿಗೆ ಪೆಟ್ಟಾಯ್ತು. ಫೋನು ತಗೊಂಡ್ರಿ. ಏನು ಹೇಳ್ತೀರಿ?"

ದೊರೆ ಫೋನು ಎತ್ತಿದ. "ಸ..." ಎಂದ.

ಒಂದು. ಎರಡು. ಮೂರು. ಅವಳು ಎರಡೂ ಕೈ ತೊಡೆ ಕೆಳಗೆ ಹಾಕಿಕೊಂಡು ಕೂತಳು. ಹತ್ತು. ಹದಿನೈದು. ಅವನು ನಿಧಾನವಾಗಿ ತಲೆ ತಿರುಗಿಸಿ ಅವಳನ್ನು ನೋಡಿದ.

"ಅಮ್ಮ, ಪ್ರಾಂಪ್ಟ್ ಮಾಡಬೇಡಿ" ಎಂದಳು ಅಧಿಕಾರಿ.

"ಮಾಡಲಿಲ್ಲ ಮೇಡಂ."

"ತುಟಿ ಆಡ್ತಿದೆ."

ತುಟಿ ಆಡುತ್ತಿದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಯಾವ ಕೆಲಸಕ್ಕೆ ಮೂವತ್ತೈದು ವರ್ಷ ಸಂಬಳ ಎಣಿಸಿಕೊಂಡಿದ್ದಳೋ ಅದನ್ನೇ ಕಳ್ಳತನದ ಹಾಗೆ ಹಿಡಿದು ತೋರಿಸಿದಾಗ ಮುಖ ಬಿಸಿಯಾಯಿತು. ತುಟಿ ಕಚ್ಚಿಕೊಂಡಳು. ಇಪ್ಪತ್ತು. ಇಪ್ಪತ್ತೈದು. ಅವನ ಹಣೆಯ ನರ ಉಬ್ಬಿತು. ಆಗ ಅವಳ ಬಾಯಿಂದ, ಅವಳನ್ನು ಕೇಳದೆಯೇ, ಉಸಿರಿನಷ್ಟು ಸಣ್ಣಗೆ "ಸಹಾ" ಎಂದು ಹೊರಟುಹೋಯಿತು.

"ಸಹಾಯ ಬೇಕು!" ಎಂದ ದೊರೆ. ಮುಖ ಅರಳಿತು.

ಅಳಿಯ ನೆಲ ನೋಡುತ್ತಿದ್ದ. ಅಧಿಕಾರಿ ಮೂಗೊರೆಸಿಕೊಂಡು, "ನೀವು ಸ್ವಲ್ಪ ಹೊರಗೆ ಕೂತಿರಿ ಅಮ್ಮ" ಎಂದಳು. ಕೋಪವಿರಲಿಲ್ಲ ಆ ದನಿಯಲ್ಲಿ.

ಕಾರಿಡಾರಿನಲ್ಲಿ ಬಾಗಿಲ ಪಕ್ಕ ಜವಾನನೊಬ್ಬ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಅವಳು ಬೆಂಚಿನ ತುದಿಯಲ್ಲಿ ಕೂತಳು. ಒಳಗಿನಿಂದ ಸದ್ದಿಲ್ಲ. ಎಣಿಸುವುದನ್ನು ಬಿಡಲು ನೋಡಿದಳು, ಆಗಲಿಲ್ಲ. ನೂರ ಹತ್ತಾಯಿತು. ನೂರ ನಲವತ್ತಾಯಿತು. ಎದ್ದು ಹೋಗಿ ಬಾಗಿಲಿಗೆ ಬಾಯಿಟ್ಟು ಹೇಳಿಬಿಡಲೇ ಎನ್ನಿಸಿತು. ಎದ್ದೇಬಿಟ್ಟಳು ಕೂಡ.

ಅಷ್ಟರಲ್ಲಿ ಒಳಗಿಂದ ಆ ಕಟ್ಟಡ ಎಂದೂ ಕೇಳಿರದ ದನಿಯೊಂದು ಬಂತು.

"ಯಾರಲ್ಲಿ?"

ಜವಾನ ಧಡಕ್ಕನೆ ಎದ್ದ. ಸ್ಟೂಲು ಉರುಳಿತು. ಟೋಪಿ ಸರಿಮಾಡಿಕೊಳ್ಳುತ್ತ ಬಾಗಿಲು ದೂಡಿ ಒಳಗೆ ನುಗ್ಗಿ, "ಬಂದೆ ಸಾರ್" ಎಂದ. ತೆರೆದ ಬಾಗಿಲಲ್ಲಿ ಅವಳಿಗೆ ಕಂಡಿತು: ದೊರೆ ನೆಟ್ಟಗೆ ನಿಂತಿದ್ದ, ಎಡಗೈ ಮುಂದೆ ಚಾಚಿತ್ತು. ಅಧಿಕಾರಿ ನಗಬೇಕೋ ಬೇಡವೋ ತಿಳಿಯದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದಳು. ಅಳಿಯನ ಕಣ್ಣಲ್ಲಿ ನೀರಿತ್ತು.

"ಕರೆದರು ನೋಡಿ" ಎಂದು ಪ್ರಾಂಪ್ಟಕ್ಕ ಬಾಗಿಲಲ್ಲೇ ನಿಂತು ಅಂಗಲಾಚಿದಳು. "ನಾನು ಹೇಳಿಕೊಡಲಿಲ್ಲ. ಅವರೇ ಕರೆದರು, ಇವರು ಬಂದರು. ಇನ್ನೇನು ಬೇಕು ಮೇಡಂ?"

"ಬನ್ನಿ, ಕೂತುಕೊಳ್ಳಿ." ಅಧಿಕಾರಿ ಜವಾನನನ್ನು ಕಳಿಸಿ, ದೊರೆಗೆ ನೀರು ಕೊಟ್ಟಳು. "ಕರೆದರು, ನಿಜ. ಎಲ್ಲಿಗೆ ಬರಬೇಕು ಅಂತ ಹೇಳಕ್ಕಾಗಲಿಲ್ಲ. ಆದ್ರೆ ನಾನು ಅದಷ್ಟನ್ನೇ ನೋಡ್ತಿಲ್ಲ."

"ನಾನು ಕೆಲಸ ಬಿಡ್ತೀನಿ. ಇವತ್ತೇ ಬಿಡ್ತೀನಿ. ಸಂಜೆ ಹೊತ್ತು ಮನೆ ಬಿಟ್ಟು ಕದಲೋದಿಲ್ಲ."

ಅಧಿಕಾರಿ ಕಡತದಿಂದ ಒಂದು ಹಾಳೆ ತೆಗೆದಳು. "ಮಗುವನ್ನ ಕೇಳಿದೆ, ಸ್ಕೂಲು ಬಿಟ್ಟ ಮೇಲೆ ಏನು ಮಾಡ್ತೀಯ ಅಂತ. ಅವಳು ಹೇಳಿದ್ದನ್ನ ಹಾಗೇ ಬರೆದಿದೀನಿ. 'ತಾತಂಗೆ ಪ್ರಾಂಪ್ಟ್ ಮಾಡ್ತೀನಿ. ತಾತಂಗೆ ಹಸಿವಾದ್ರೆ ನಾನೇ ಹೇಳ್ತೀನಿ, ಬಾತ್‌ರೂಮಿಗೆ ಹೋಗ್ಬೇಕಾದ್ರೂ ನಾನೇ ಹೇಳ್ತೀನಿ. ಅಜ್ಜಿ ಬರೋವರೆಗೂ ತಾತನ ಮುಖ ನೋಡ್ತಾ ಇರ್ಬೇಕು, ಇಲ್ಲಾಂದ್ರೆ ಮಾತು ಮಿಸ್ ಆಗುತ್ತೆ.' ಕೆಳಗೆ ಮಕ್ಕಳು ಆಡ್ತಾರಲ್ಲ, ನೀನು ಹೋಗಲ್ವಾ ಅಂದೆ. 'ನಂಗೆ ಡ್ಯೂಟಿ ಇರುತ್ತೆ' ಅಂದಳು. ಬಹಳ ಹೆಮ್ಮೆಯಿಂದ ಹೇಳಿದಳಮ್ಮ."

ಪ್ರಾಂಪ್ಟಕ್ಕ ರಾತ್ರಿ ಮನೆಗೆ ಬಂದಾಗೆಲ್ಲ ಮಗು ದೊರೆಯ ಎದುರು ಮೊಣಕಾಲ ಮೇಲೆ ಗಲ್ಲವಿಟ್ಟು ಕೂತಿರುತ್ತಿದ್ದದ್ದನ್ನು ನೋಡಿದ್ದಳು. ಎಂಥ ಪ್ರೀತಿ ಎಂದುಕೊಂಡಿದ್ದಳು. ಆ ಕೂತ ರೀತಿ ತನ್ನದೇ ಎಂದು ಈಗ ತಿಳಿಯಿತು.

"ಅತ್ತೆ" ಎಂದ ಅಳಿಯ, ಅಷ್ಟೇ. ಮುಂದಿನ ಮಾತು ಅವನಿಗೂ ಬರಲಿಲ್ಲ. ಅವಳು ಯಾರಿಗೂ ಏನೂ ಹೇಳಿಕೊಡುವ ಸ್ಥಿತಿಯಲ್ಲಿರಲಿಲ್ಲ.

ಆದೇಶ ಅವತ್ತೇ ಬಂತು. ಸ್ಕೂಲಿನ ಪರೀಕ್ಷೆ ಮುಗಿದ ವಾರ ಮಗು ಅಪ್ಪನ ಮನೆಗೆ. ತಿಂಗಳಿಗೆರಡು ಭಾನುವಾರ ಭೇಟಿ. ವರ್ಷದ ನಂತರ ಮತ್ತೆ ವಿಚಾರಣೆ. ಅವಳು ಮೂರು ಸಲ ಓದಿದಳು. ಮನೆಯಲ್ಲಿ ದೊರೆಗೆ ಓದಿ ಹೇಳಿದಾಗ ಅವನು 'ಅದು' ಎಂದು ಕೂಡ ಅನ್ನಲಿಲ್ಲ.

ಉಳಿದ ದಿನಗಳನ್ನು ಆ ಮನೆ ಹೇಗೆ ಕಳೆಯಿತೆಂದು ವಿವರಿಸುವುದು ಕಷ್ಟ. ಅವಳು ಥಿಯೇಟರಿಗೆ ಹೋಗಲಿಲ್ಲ. ಚಿಕ್ಕಿಯನ್ನು ಕೆಳಗೆ ಆಡಲು ಕಳಿಸಿದರೆ ಹತ್ತು ನಿಮಿಷಕ್ಕೆ ಓಡಿಬಂದು, "ತಾತ ಏನಾದ್ರೂ ಹೇಳಿದನಾ?" ಎನ್ನುವಳು. "ಏನೂ ಹೇಳಿಲ್ಲ, ಹೋಗಮ್ಮ" ಎಂದು ಕಳಿಸಿ, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುವಳು.

ಹೊರಡುವ ಬೆಳಗ್ಗೆ ಅಳಿಯ ಬಂದ. ಮಗು ಅತ್ತು, ಮುಖ ತೊಳೆದುಕೊಂಡು, ಮತ್ತೆ ಅತ್ತಿತು. ಎಲ್ಲರೂ ಬಸ್ ನಿಲ್ದಾಣಕ್ಕೆ ಹೋದರು. ಕಿಟಕಿಯ ಸೀಟಿನಲ್ಲಿ ಚಿಕ್ಕಿ, ಕೆಳಗೆ ಅಜ್ಜಿ ತಾತ. ದೊರೆ ಏನೋ ಹೇಳಲು ಬಾಯಿ ತೆರೆದ. "ಕ..." ಎಂದ. ಎಡಗೈ ಎತ್ತಿ ತನ್ನ ಕಣ್ಣು ಮುಟ್ಟಿಕೊಂಡ, ಮಗುವಿನತ್ತ ತೋರಿಸಿದ. "ಕ... ಕ..."

"ಅಳಬೇಡ ಅಂತ ತಾತ" ಎಂದು ಕಿಟಕಿಯಿಂದ ಚಿಕ್ಕಿಯೇ ಹೇಳಿದಳು. "ಅಳಲ್ಲ ತಾತ."

ದೊರೆ ಜೋರಾಗಿ ತಲೆಯಾಡಿಸಿದ, ಅಲ್ಲ, ಅಲ್ಲ. ಪ್ರಾಂಪ್ಟಕ್ಕನ ನಾಲಿಗೆ ತುದಿಗೆ ನಾಲ್ಕು ಪದ ಬಂದವು. ಕಣ್ಣು, ಕಣ್ಣೀರು, ಕಂದ, ಕಾಗದ. ನುಂಗಿಕೊಂಡಳು. ಜೀವನದಲ್ಲಿ ಮೊದಲ ಸಲ ಪೂರ್ತಿ ನುಂಗಿಕೊಂಡಳು. ಕಂಡಕ್ಟರ್ ಸೀಟಿ ಊದಿದ. ಅವಳು ಬಾಯಿ ಬಿಗಿಹಿಡಿದು ನಿಂತಳು. ಬಸ್ಸು ಹಿಂದಕ್ಕೆ ಬಂದು, ತಿರುಗಿ, ಗೇಟು ದಾಟಿ ಹೋಯಿತು. ಚಿಕ್ಕಿಯ ಕೈ ಸ್ವಲ್ಪ ದೂರ ಕಂಡಿತು.

ದೊರೆ ಅಲ್ಲೇ ನಿಂತಿದ್ದ. ಬಾಯಿ ಇನ್ನೂ ತೆರೆದೇ ಇತ್ತು. ಜನ ಅವನನ್ನು ಸುತ್ತಿ ಬಳಸಿ ಓಡಾಡುತ್ತಿದ್ದರು. ಅವಳು ತೋಳು ಹಿಡಿದಳು. ಅವನು ಕದಲಲಿಲ್ಲ. ಎಷ್ಟು ಹೊತ್ತೋ, ಅವಳು ಎಣಿಸಲಿಲ್ಲ.

"ಕನ್ನಡಕ" ಎಂದ ದೊರೆ.

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಕಳೆದ ತಿಂಗಳಷ್ಟೇ ಮಗುವಿಗೆ ಮಾಡಿಸಿದ ಕನ್ನಡಕ. ಬೋರ್ಡು ಮಸುಕಾಗಿ ಕಾಣುತ್ತದೆಂದು ಟೀಚರು ಹೇಳಿ ಕಳಿಸಿದ್ದರು. ಮುಖ ತೊಳೆಯುವಾಗ ತೆಗೆದು ನಲ್ಲಿಯ ಪಕ್ಕ ಇಟ್ಟದ್ದು ಅಲ್ಲೇ ಉಳಿದಿದೆ. ಇಷ್ಟು ಜನರಲ್ಲಿ ನೋಡಿದವನು ಇವನೊಬ್ಬ.

"ಕನ್ನಡಕ, ನಲ್ಲಿ" ಎಂದ ಮತ್ತೆ, ಬೆವರು ಒರೆಸಿಕೊಂಡು.

ಅಲ್ಲಿಂದಲೇ ಅಳಿಯನಿಗೆ ಫೋನು ಮಾಡಿದಳು. "ಪರವಾಗಿಲ್ಲ ಅತ್ತೆ, ಪೋಸ್ಟಲ್ಲಿ ಕಳಿಸಿ" ಎಂದ ಅವನು. ಸ್ವಲ್ಪ ತಡೆದು, "ಅಥವಾ ನೀವೇ ಬನ್ನಿ. ಮಾವನ್ನೂ ಕರಕೊಂಡು ಬನ್ನಿ. ಭಾನುವಾರವೇ ಆಗಬೇಕು ಅಂತೇನಿಲ್ಲ" ಎಂದ.

ಮನೆಗೆ ಹೋಗಿ ಕನ್ನಡಕ ತಂದರು. ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಹಿಂದೆ ಏಳೆಂಟು ಜನ ಸಾಲಿನಲ್ಲಿದ್ದರು. ಕಿಟಕಿಯೊಳಗಿನವನು "ಎಲ್ಲಿಗೆ?" ಎಂದ. ಅವಳು ಹೇಳಲು ಹೋಗಿ ನಿಲ್ಲಿಸಿದಳು. ಪಕ್ಕಕ್ಕೆ ಸರಿದು ಗಂಡನನ್ನು ಮುಂದೆ ಬಿಟ್ಟಳು.

"ಎಲ್ಲಿಗೆ ಸ್ವಾಮಿ?"

ದೊರೆ ಕಿಟಕಿಯ ಸರಳು ಹಿಡಿದುಕೊಂಡ. ಬಾಯಿ ತೆರೆದ. ಹಿಂದಿನಿಂದ ಯಾರೋ "ಬೇಗ ಹೇಳಿ ಯಜಮಾನರೇ, ಬಸ್ಸು ಹೊರಡುತ್ತೆ" ಎಂದರು. ಪ್ರಾಂಪ್ಟಕ್ಕ ಅವರತ್ತ ತಿರುಗಿ ನಿಂತು, "ಸ್ವಲ್ಪ ಕಾಯಿರಪ್ಪ" ಎಂದಳು. "ಹೇಳ್ತಾರೆ."